ಹಗ್ಗದೊಳಗಿನ ಕುರ್ಚಿ

“ಹಗ್ಗ ದಾಟಬೇಡ ಕಣೋ” ಎಂದು ಕ್ಷೌರಿಕ ಹೇಳುವಷ್ಟರಲ್ಲಿ ದರ್ಜಿ ದಾಟಿ ಕುರ್ಚಿಯಲ್ಲಿ ಕೂತಾಗಿತ್ತು.

“ಏಳೋ. ಅದರ ಮೇಲೆ ಯಾರೂ ಕೂರೋ ಹಾಗಿಲ್ಲ.”

“ಮೀಸೆ ಮೂಡಿದಾಗಿಂದ ಇದರ ಮೇಲೇ ಕೂತಿದ್ದೀನಿ. ಇವತ್ತೇನು ಬಂತು?”

“ಇವತ್ತು ಅದು ಇತಿಹಾಸ.”

ಕುರ್ಚಿ ಕ್ಷೌರಿಕನದೇ. ಅಂಗಡಿ ಮುಚ್ಚಿದ ದಿನ ಕುರ್ಚಿ, ಕನ್ನಡಿ, ಕತ್ತಿಗಳನ್ನೆಲ್ಲ ಊರಿನ ಇತಿಹಾಸ ಸಂಘದ ಮ್ಯೂಸಿಯಂಗೆ ದಾನ ಕೊಟ್ಟು, ಅವುಗಳ ಹಿಂದೆಯೇ ತಾನೂ ಬಂದಿದ್ದ. ಸಂಬಳವಿಲ್ಲದೆ ಧೂಳು ಒರೆಸುತ್ತಿದ್ದ, ನೋಡಲು ಬಂದವರಿಗೆ ವಿವರ ಹೇಳುತ್ತಿದ್ದ. ಬರುವವರಿಗಿಂತ ಧೂಳೇ ಹೆಚ್ಚು. ಬಾಡಿಗೆ ಕಟ್ಟಲಾಗದೆ ಅಂಗಡಿ ಮುಚ್ಚಿದೆ ಎಂದು ಊರಿಗೆಲ್ಲ ಹೇಳಿದ್ದ. ಕೈ ನಡುಗುವ ವಿಷಯವನ್ನು ದೇವರಿಗೆ ಮಾತ್ರ ಹೇಳಿದ್ದ. ದೇವರು ಯಾರಿಗೂ ಹೇಳಿರಲಿಲ್ಲ.

ದರ್ಜಿಯ ಗಡ್ಡ ಎದೆ ಮುಟ್ಟಲು ಹೊರಟಿತ್ತು.

“ಬೇರೆ ಅಂಗಡಿಗೆ ಹೋಗಬಾರದಾ?”

“ಕಂಡಕಂಡವರ ಕೈಗೆ ಕತ್ತು ಕೊಡೋಕೆ ನನಗೇನು ತಲೆ ಕೆಟ್ಟಿದೆಯಾ? ನಾಳೆ ಮಗಳು ಬಂದು ಅವಳ ಊರಿಗೆ ಕರ್ಕೊಂಡು ಹೋಗ್ತಾಳೆ. ಇನ್ನು ಅಲ್ಲೇ. ಒಂದ್ಸಲ ಮಾಡಿಬಿಡು ಮಾರಾಯ.”

ಕ್ಷೌರಿಕ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ಇಲ್ಲಿ ಆಗಲ್ಲ. ಮೇಡಂ ಬೈತಾರೆ.”

ಮೇಡಂ ಎಂದರೆ ಸಂಘದ ಕಾರ್ಯದರ್ಶಿ. ಕರೆದಂತೆ ಬಾಗಿಲಲ್ಲಿ ನಿಂತಿದ್ದರು. ನಿಯಮ ಮಾಡಿದವರೂ ಅವರೇ, ಹಗ್ಗ ಕಟ್ಟಿದವರೂ ಅವರೇ. ಕುರ್ಚಿಯನ್ನು ನೋಡಿದರು. ಗಡ್ಡವನ್ನು ನೋಡಿದರು. ಬೆನ್ನ ಹಿಂದಿನ ಕೈಗಳನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು.

“ನೋಡೋಕೆ ಬಂದವರು ಕೇಳಿದರೆ, ಹಿಂದೆ ಹೇಗೆ ಮಾಡ್ತಿದ್ರು ಅಂತ ತೋರಿಸಬಹುದು,” ಎಂದರು. “ಆದರೆ ನೀರು ಬೇಡ, ಸೋಪು ಬೇಡ, ಕತ್ತಿ ಬಿಚ್ಚಬಾರದು. ಒಂದೇ ಒಂದು ಕೂದಲು ನೆಲಕ್ಕೆ ಬಿದ್ರೂ ಇಬ್ಬರನ್ನೂ ಆಚೆ ಹಾಕ್ತೀನಿ.”

“ಅದೆಂಥ ಕ್ಷೌರ ತಾಯಿ?” ಎಂದ ದರ್ಜಿ.

“ಐತಿಹಾಸಿಕ ಕ್ಷೌರ, ಯಜಮಾನರೇ.”

ದರ್ಜಿ ಸ್ವಲ್ಪ ಯೋಚಿಸಿ, ತಲೆ ಹಿಂದಕ್ಕೆ ಒರಗಿಸಿದ. ಕ್ಷೌರಿಕ ಬಟ್ಟೆ ಹೊದಿಸಿ ಗಂಟು ಹಾಕಿದ. ಒಣ ಬ್ರಷ್ಷಿನಿಂದ ಇಲ್ಲದ ನೊರೆ ಹಚ್ಚಿದ. ಮಡಿಸಿದ ಕತ್ತಿಯನ್ನು ಕಿವಿಯ ಬುಡದಿಂದ ಗದ್ದದವರೆಗೆ ನಿಧಾನವಾಗಿ ಎಳೆದ. ಕೈ ನಡುಗುತ್ತಿತ್ತು, ಮಡಿಸಿದ ಕತ್ತಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಕೆನ್ನೆ ತಿರುಗಿಸು ಎನ್ನುವ ಮೊದಲೇ ದರ್ಜಿ ತಿರುಗಿಸುತ್ತಿದ್ದ. ಪ್ರಾರ್ಥನೆಗೆ ಕೂತವನಂತೆ ಕಣ್ಣು ಮುಚ್ಚಿದ್ದ.

ಕೊನೆಗೆ ಕ್ಷೌರಿಕ ಬಟ್ಟೆ ಬಿಚ್ಚಿ, ಎರಡು ಸಲ ಕೊಡವಿದ. ಮೇಡಂ ನೆಲವನ್ನೊಮ್ಮೆ ನೋಡಿ ಒಳಗೆ ಹೋದರು.

ದರ್ಜಿ ಕನ್ನಡಿಯತ್ತ ಬಾಗಿ, ಅಷ್ಟುದ್ದದ ಗಡ್ಡದ ಮೇಲೆ ಕೈಯಾಡಿಸಿದ. ಅಂಗಡಿಯಲ್ಲಿ ಪ್ರತಿ ಸಲ ಮಾಡುತ್ತಿದ್ದಂತೆ ಮುಖ ಸಿಂಡರಿಸಿದ.

“ಎಡಗಿವಿ ಕೆಳಗೆ ಒಂಚೂರು ಉಳಿಸಿದೀಯ ನೋಡೋ.”

ಕ್ಷೌರಿಕ ಬಗ್ಗಿ ನೋಡಿದ.

“ಹೌದು,” ಎಂದವನೇ ಮತ್ತೆ ಬಟ್ಟೆ ಹೊದಿಸಿದ.