ಹಿಂಪಡೆದ ಪ್ರಬಂಧ

‘ಕಳಿಸು’ ಗುಂಡಿಯ ಮೇಲೆ ಸಂಶೋಧಕಿಯ ಬೆರಳು ನಿಂತೇಬಿಟ್ಟಿತ್ತು. ಸಂಶೋಧನಾ ಪತ್ರಿಕೆಯ ಸಂಪಾದಕರಿಗೆ ಬರೆದದ್ದು ನಾಲ್ಕೇ ಸಾಲು: ಕಿಡ್ನಿ ಕಾಯಿಲೆಯನ್ನು ರಕ್ತಪರೀಕ್ಷೆಯಿಂದ ಬೇಗ ಪತ್ತೆಹಚ್ಚುವ ಕುರಿತ ತನ್ನ ಪ್ರಬಂಧದಲ್ಲಿ ಲೆಕ್ಕ ತಪ್ಪಿದೆ, ಅದನ್ನು ಹಿಂಪಡೆಯುತ್ತೇನೆ. ಮುನ್ನೂರಕ್ಕೂ ಹೆಚ್ಚು ಮಂದಿ ಉಲ್ಲೇಖಿಸಿದ್ದ ಪ್ರಬಂಧವದು. ಅವಳ ಬಡ್ತಿ ನಿಂತಿದ್ದೇ ಅದರ ಮೇಲೆ.

“ಯಾರೂ ಕಂಡುಹಿಡಿದಿಲ್ವಲ್ಲೇ, ಸುಮ್ನೆ ಯಾಕೆ ಮೈಮೇಲೆ ಎಳ್ಕೊಳ್ತೀಯ?” ಎಂದಳು ಪಕ್ಕದ ಮೇಜಿನ ಗೆಳತಿ.

“ನಾನೇ ಕಂಡುಹಿಡಿದ್ನಲ್ಲ,” ಎಂದು ಆಕೆ ಗುಂಡಿ ಒತ್ತಿದಳು. ಅದೇ ಪತ್ರ, ಆ ವಿಧಾನವನ್ನು ನಂಬಿ ಕೆಲಸ ಮಾಡುತ್ತಿದ್ದ ಪ್ರಯೋಗಾಲಯಗಳಿಗೂ ಹೋಯಿತು.

ಅರ್ಧ ಗಂಟೆಯಲ್ಲಿ ಫೋನ್ ಬಂತು. ಬೇರೊಂದು ಊರಿನ ಪ್ರಯೋಗಾಲಯದ ಹುಡುಗಿ. “ಮೇಡಂ, ಎರಡು ವರ್ಷದಿಂದ ನಿಮ್ಮ ವಿಧಾನದಲ್ಲಿ ಎಷ್ಟು ಸಲ ಪರೀಕ್ಷೆ ಮಾಡಿದ್ರೂ ನಿಮಗೆ ಬಂದ ಫಲಿತಾಂಶ ನನಗೆ ಬರ್ತಾನೇ ಇರ್ಲಿಲ್ಲ. ನನ್ನ ಕೈಯೇ ಸರಿಯಿಲ್ಲ ಅಂದ್ಕೊಂಡು ರಾಜೀನಾಮೆ ಬರೆದಿಟ್ಟಿದ್ದೆ. ಈಗ ಹರಿದುಹಾಕಿದೆ.” ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. “ನನ್ನ ಹತ್ರ ನಾನೂರು ಜನರ ರಕ್ತದ ಸ್ಯಾಂಪಲ್ ಇನ್ನೂ ಇದೆ. ಸರಿಯಾದ ಲೆಕ್ಕ ಹಿಡಿದು ಇಬ್ರೂ ಸೇರಿ ಮತ್ತೆ ಮಾಡೋಣ್ವಾ?”

“ನಾಳೆನೇ ಹೊರಟು ಬರ್ತೀನಮ್ಮ,” ಎಂದಳು ಸಂಶೋಧಕಿ. ಫೋನ್ ಇಟ್ಟಾಗ, ತಪ್ಪು ಕಣ್ಣಿಗೆ ಬಿದ್ದ ಮೇಲಿನ ಮೂರು ದಿನಗಳಲ್ಲಿ ಮೊದಲ ಸಲ ಅವಳಿಗೆ ಹಸಿವಾಯಿತು.