ಎರಡು ಬೆರಳ ಅಂತರ

"ಇವತ್ತಿಗೆ ಮುಗೀತು ಭಾವ" ಎಂದು ಭಾವಮೈದುನ ಬೇಕರಿಯ ಕೀಲಿಕೈಯನ್ನು ಹಿಟ್ಟಿನ ಮೇಜಿನ ಮೇಲೆ ಕುಕ್ಕಿದ. "ಈ ಬನ್ ಬೇಯಿಸಿಕೊಟ್ಟು ಹೋಗ್ತೀನಿ. ನಾಳೆಯಿಂದ ನಿಮ್ಮ ಭಟ್ಟಿ ನಿಮಗೆ, ನನ್ನ ದಾರಿ ನನಗೆ."

ಹದಿನೆಂಟು ವರ್ಷ ಒಂದೇ ಮೇಜಿನಲ್ಲಿ ಹಿಟ್ಟು ನಾದಿದವರು ಇವರಿಬ್ಬರು. ಜಗಳ ಆಸ್ತಿಗಲ್ಲ, ದೇವರಿಗೆ! ಜೀವ ಬೇರೆಯಲ್ಲ, ದೇವರು ಬೇರೆಯಲ್ಲ, ಬೇರೆ ಅನ್ನಿಸುವುದೇ ಭ್ರಮೆ ಎಂದು ಭಾವ. ಜೀವ ಜೀವವೇ, ದೇವರು ದೇವರೇ, ಮೋಕ್ಷ ಸಿಕ್ಕರೂ ಭಕ್ತ ಭಕ್ತನಾಗಿಯೇ ಉಳಿಯುತ್ತಾನೆ ಎಂದು ಭಾವಮೈದುನ. ದಿನ ಬೆಳಗಾದರೆ ನಡೆಯುವ ವಾದ. ಇದಿಲ್ಲದಿದ್ದರೆ ಹಿಟ್ಟೇ ಉಬ್ಬುವುದಿಲ್ಲವೇನೋ ಎಂದು ಅಕ್ಕ ನಗುತ್ತಿದ್ದಳು. ಆದರೆ ಇವತ್ತು ಭಾವ ಮಾತಿನ ಭರದಲ್ಲಿ, "ದೇವರ ಹತ್ರ ಹೋದ್ರೂ ನಿಂಗೆ ಆಳಾಗಿರೋದೇ ಇಷ್ಟ. ಹುಟ್ಟುಗುಣ" ಅಂದುಬಿಟ್ಟಿದ್ದ. ಹಾಗಾದರೆ ಇಷ್ಟು ವರ್ಷ ಇಲ್ಲೂ ತಾನು ಆಳೇ ಆಗಿದ್ದೆನೇ ಎನ್ನಿಸಿಯೇ ಭಾವಮೈದುನ ಕೀಲಿಕೈ ಕುಕ್ಕಿದ್ದು.

ಆಮೇಲೆ ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಭಾವ ಇಪ್ಪತ್ತನಾಲ್ಕು ಉಂಡೆ ಕಟ್ಟಿ, ಎಂದಿನಂತೆ ಎರಡೆರಡು ಬೆರಳು ಅಂತರ ಬಿಟ್ಟು ಟ್ರೇಯಲ್ಲಿಟ್ಟ. ಸಿಟ್ಟಿನಲ್ಲಿ ಎಳೆದುಕೊಂಡದ್ದು ಮಾತ್ರ ಭಾವಮೈದುನನ ಟ್ರೇ. ನನ್ನ ಟ್ರೇ ಕೊಡಿ ಎನ್ನಬೇಕೆಂದರೆ ಬಾಯಿ ಬಿಡಬೇಕು. ಅವನು ಬಿಡಲಿಲ್ಲ, ತನ್ನ ಇಪ್ಪತ್ತನಾಲ್ಕು ಉಂಡೆಗಳನ್ನೂ ಆ ಸಂದುಗಳಲ್ಲೇ ತುರುಕಿದ. ಭಾವ ನೋಡಿದ. ಬೇಡ ಎನ್ನಬೇಕೆಂದರೆ ಅವನೂ ಬಾಯಿ ಬಿಡಬೇಕಲ್ಲ! ಮುಖ ಊದಿಸಿಕೊಂಡು ಟ್ರೇಯನ್ನು ಭಟ್ಟಿಗೆ ತಳ್ಳಿದ.

ಹೊರಗೆ ತೆಗೆದಾಗ ಬನ್ನುಗಳೇ ಇರಲಿಲ್ಲ. ಉಂಡೆಗಳೆಲ್ಲ ಉಬ್ಬಿ, ಒಂದಕ್ಕೊಂದು ಅಂಟಿ, ಟ್ರೇ ತುಂಬ ಹೊಂಬಣ್ಣದ ಒಂದೇ ಹಾಸು.

"ನೋಡು!" ಭಾವನಿಗೆ ಮೌನವ್ರತ ಮರೆತೇಹೋಯಿತು. "ನಿನ್ನದ್ಯಾವುದು, ನನ್ನದ್ಯಾವುದು ತೋರ್ಸು ನೋಡೋಣ. ಎಲ್ಲಾ ಒಂದೇ!"

"ಗೆರೆ ಕಾಣ್ತಿಲ್ವಾ? ಎಳೆದ್ರೆ ಬಿಡಿಬಿಡಿಯಾಗಿ ಬರುತ್ತೆ. ನಲವತ್ತೆಂಟು ಅಂದ್ರೆ ನಲವತ್ತೆಂಟೇ!"

"ಗೆರೆ ಬರೀ ಮೇಲ್ಮೇಲೆ ಕಣೋ!"

"ತಳದವರೆಗೂ ಇದೆ. ಕನ್ನಡಕ ಹಾಕ್ಕೊಂಡು ನೋಡಿ!"

ಗದ್ದಲ ಕೇಳಿ ಗಲ್ಲಾದಿಂದ ಅಕ್ಕ ಎದ್ದು ಬಂದಳು. ಮೇಜಿನ ಮೇಲಿದ್ದ ತಮ್ಮನ ಕೀಲಿಕೈ ಕಣ್ಣಿಗೆ ಬಿತ್ತು. ಈ ಕಡೆ ಗಂಡ, ಆ ಕಡೆ ತಮ್ಮ. ಅವಳು ಟ್ರೇಯ ನಡುವಿನಿಂದ ಒಂದು ಬನ್ ಕಿತ್ತು, ಉಫ್ ಉಫ್ ಎಂದು ಊದಿ ಬಾಯಿಗಿಟ್ಟಳು. ಇಬ್ಬರೂ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಅವಳ ಮುಖವನ್ನೇ ನೋಡಿದರು.

"ಇರೋದು ಒಂದೇ. ಆದ್ರೆ ಅದ್ರೊಳಗೆ ಒಂದೊಂದು ಬನ್ನೂ ತನ್ನ ಪಾಡಿಗೆ ತಾನಿದೆ" ಅಂದಳು.

"ಅದು ವಿಶಿಷ್ಟಾದ್ವೈತ!" ಇಬ್ಬರೂ ಒಟ್ಟಿಗೆ ಕಿರುಚಿದರು. ಹದಿನೆಂಟು ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಅವಳ ನಗು ನೋಡಿ ಇವರಿಗೂ ನಗು ಬಂತು.

"ಅದೇನೋ ನಂಗೊತ್ತಿಲ್ಲ" ಎಂದು ಅಕ್ಕ ಇನ್ನೊಂದು ಬನ್ ಕಿತ್ತು ಇಬ್ಬರಿಗೂ ಅರ್ಧರ್ಧ ಕೊಟ್ಟಳು. "ದಿನಾ ನೀವು ಅಂತರ ಬಿಟ್ಟು ಬೇಯಿಸ್ತೀರಿ, ಸುತ್ತಲೂ ಗಟ್ಟಿಯಾಗಿರುತ್ತೆ. ಇವತ್ತು ಒಂದಕ್ಕೊಂದು ತಾಗಿಕೊಂಡಿತ್ತಲ್ಲ, ಆ ಕಡೆ ಮುಟ್ಟಿ ನೋಡಿ. ಎಷ್ಟು ಮೆತ್ತಗಿದೆ."

ಭಾವ ಮುಟ್ಟಿ ನೋಡಿದ. "ಆಳು ಅನ್ನಬಾರದಿತ್ತು ಕಣೋ" ಅಂದ, ಮೆಲ್ಲಗೆ.

ಭಾವಮೈದುನ ಕೀಲಿಕೈ ಎತ್ತಿಕೊಂಡು, ಅಂಟಿದ್ದ ಹಿಟ್ಟನ್ನು ಅಂಗಿಗೆ ಒರೆಸಿ ಜೇಬಿಗೆ ಹಾಕಿಕೊಂಡ.

"ನಾಳೆ ಟ್ರೇಗೆ ಎಷ್ಟಿಡೋಣ ಭಾವ?"

ಬಾಯಿ ತುಂಬ ಬನ್ ತುಂಬಿಕೊಂಡೇ ಭಾವ ಹೇಳಿದ: "ನಲವತ್ತೆಂಟು."