ಎಂಟನೇ ರಸ್ತೆಯ ಚುಕ್ಕಿ

ನಮ್ಮೂರಿನ ಪ್ರತಿ ರಸ್ತೆಯೂ ವಿಶ್ವವಿದ್ಯಾಲಯದ ಯಾರದೋ ಒಂದು ಪಿಎಚ್.ಡಿ. ಸಿಗ್ನಲ್ ಕಂಬದ ಮೇಲೆ ಸಂಶೋಧಕರ ಹೆಸರಿರುತ್ತದೆ. ಪ್ರಬಂಧ ಮುಗಿದ ದಿನ ಆ ರಸ್ತೆಯವರನ್ನು ಕರೆಸಿ ಉಪ್ಪಿಟ್ಟು ಕೊಡುವುದು ವಾಡಿಕೆ. ಇವತ್ತಿನ ಉಪ್ಪಿಟ್ಟನ್ನು ನಾನು ಮುಟ್ಟಲಿಲ್ಲ.

ವೇದಿಕೆಯ ಮೇಲೆ ನಮ್ಮ ರಸ್ತೆಯ ಸಂಶೋಧಕ ಶ್ರೀಪಾದ ಇನಾಮದಾರ ಪರದೆ ತೋರಿಸುತ್ತಿದ್ದ. ಏಳನೇ ರಸ್ತೆಗೆ ಅವನು ಬುದ್ಧಿವಂತ ಸಿಗ್ನಲ್ ಹಾಕಿದ್ದ. ಹೋಲಿಸಿ ನೋಡಲೆಂದು ನಮ್ಮ ಎಂಟನೇ ರಸ್ತೆಗೆ ನಾಲ್ಕು ವರ್ಷಗಳ ಕಾಲ ಹಳೆಯ ಸಿಗ್ನಲ್ಲನ್ನೇ ಉಳಿಸಿದ್ದ. ಪರದೆಯಲ್ಲಿ ಒಂದೊಂದು ಗಾಡಿಗೆ ಒಂದೊಂದು ಚುಕ್ಕಿ.

"ಸಾರ್ವಜನಿಕರು ಏನಾದರೂ ಕೇಳುವುದಿದೆಯೇ?" ಅಂದರು ಅವನ ಗೈಡ್.

ನಾನು ಎದ್ದೆ. "ಹ್ವಾದ ಯುಗಾದಿ ಮರುದಿನ ನಿಮ್ಮ ಸಿಗ್ನಲ್ ಕೆಂಪಿನ್ಯಾಗ ಸಿಕ್ಕೊಂಡು ನನ್ನ ಆಟೋ ನಲವತ್ತು ನಿಮಿಷ ನಿಂತಿತ್ತು. ಕೆಂಪು ದಾಟಿದ್ರ ಎಂಜಿನ್ನ ಬಂದ್ ಆಗೂ ಹಂಗ ಮಾಡೀರಿ. ಹಿಂದಿನ ಸೀಟಿನ್ಯಾಗ ನನ್ನ ತಂಗಿ ಮಹಾದೇವಿ ಹೆರಿಗಿ ಬ್ಯಾನಿ ತಿಂತಿದ್ಲು. ನಿಮಗ ಫೋನ್ ಹಚ್ಚಿ ಅಳಕೋತ ಬೇಡ್ಕೊಂಡೆ. ನಡುವ ಕೈ ಹಾಕಿದ್ರ ಸಂಶೋಧನಾ ಕೆಡತೈತಿ ಅಂದ್ರಿ. ದವಾಖಾನಿ ಮುಟ್ಟೂದ್ರಾಗ ಆಕಿ ಹೋಗಿಬಿಟ್ಲು. ನನ್ನ ಚುಕ್ಕಿ ಯಾವ್ದು, ತೋರಿಸ್ರಿ."

ಶ್ರೀಪಾದ ಕಂಪ್ಯೂಟರಿನಲ್ಲಿ ಹುಡುಕಿದ. ಆಮೇಲೆ ಬಹಳ ಮರ್ಯಾದೆಯಿಂದಲೇ ಹೇಳಿದ:

"ಅದು ಇಲ್ರೀ ಅಕ್ಕಾರ. ಉಳಿದ ಚುಕ್ಕಿಗಳಿಂದ ಭಾಳ ದೂರ ಬಿದ್ದಿತ್ತು. ಅಂಥಾವನ್ನ ತಪ್ಪು ಅಂತ ತಗದುಹಾಕ್ತೀವಿ."

"ಸರಿಯಾದ ಕ್ರಮ," ಅಂದರು ಗೈಡ್. ಸಭೆ ಚಪ್ಪಾಳೆ ತಟ್ಟಿತು.

ನಾನು ವೇದಿಕೆ ಹತ್ತಿ ಪರದೆಗೆ ಅಡ್ಡ ನಿಂತೆ. ಅವನ ನಾಲ್ಕು ವರ್ಷದ ಚುಕ್ಕಿಗಳೆಲ್ಲ ನನ್ನ ಮುಖದ ಮೇಲೆ, ಖಾಕಿ ಅಂಗಿಯ ಮೇಲೆ ಬಿದ್ದವು.

"ಈಗ ತಗೀರಿ ನೋಡೂಣು."